ಹೊಸ್ತಿಲು ದಾಟದ ರೋಗಿ, ಲೆಕ್ಕಕ್ಕೆ ಸೇರದ ಭೇಟಿ

ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ಅರವತ್ತೈದು ದಾಟಿದವರ ಚಿಕಿತ್ಸೆಯ ವೆಚ್ಚವನ್ನು ಹೊರುವ ಸಾರ್ವಜನಿಕ ವಿಮೆಗೆ ಮೆಡಿಕೇರ್ ಎಂದು ಹೆಸರು. ಮನೆಯ ಹೊಸ್ತಿಲನ್ನು ದಾಟುವುದೇ ದುಸ್ತರವಾದ ರೋಗಿಯ ಬಳಿಗೆ ದಾದಿಯನ್ನು ಕಳುಹಿಸಿ, ಅದರ ವೆಚ್ಚವನ್ನು ತಾನೇ ತೆರುವ ಔದಾರ್ಯ ಆ ವಿಮೆಗೆ ಮೊದಲಿನಿಂದಲೂ ಉಂಟು. ದೂರದ ನಗರದಲ್ಲಿರುವ ವೈದ್ಯನು ಪರದೆಯ ಮೇಲೆ ರೋಗಿಯನ್ನು ಕಂಡು ಹೇಳಿದ ಸಲಹೆಗೆ ಹಣ ಕೊಡುವ ಔದಾರ್ಯವೂ 1999ರಿಂದೀಚೆಗೆ ಅದಕ್ಕೆ ಬಂದಿದೆ. ಆದರೆ ಈ ಎರಡು ಔದಾರ್ಯಗಳೂ ಒಂದನ್ನೊಂದು ಎದುರುಗೊಳ್ಳದಂತೆ ಶಾಸನವು ಬಹುಕಾಲ ಅವನ್ನು ಬೇರೆ ಬೇರೆ ಬೀದಿಗಳಲ್ಲಿ ನಡೆಸಿತು. ಮೊದಲನೆಯದನ್ನು ಪಡೆಯಬೇಕಾದರೆ ರೋಗಿಯು ಮನೆಬಿಟ್ಟು ಹೊರಡಲಾರದವನೆಂದು ವೈದ್ಯನು ಪ್ರಮಾಣಪತ್ರ ಬರೆಯಬೇಕು. ಎರಡನೆಯದನ್ನು ಪಡೆಯಬೇಕಾದರೆ, 2020ರ ಮಹಾಮಾರಿ ಬಂದು ನಿಯಮಗಳನ್ನೆಲ್ಲ ಅಲುಗಿಸುವವರೆಗೂ, ಒಂದೆರಡು ವಿಶೇಷ ವ್ಯಾಧಿಗಳ ಹೊರತಾಗಿ, ಅದೇ ರೋಗಿಯು ಮನೆಬಿಟ್ಟು ಹೊರಟು, ಗ್ರಾಮಾಂತರ ಪ್ರದೇಶದ ಯಾವುದಾದರೊಂದು ಆಸ್ಪತ್ರೆಯನ್ನೋ ಚಿಕಿತ್ಸಾಲಯವನ್ನೋ ತಲುಪಿ, ಅಲ್ಲಿಯ ಪರದೆಯ ಮುಂದೆ ಕೂರಬೇಕು. ದೂರವೈದ್ಯದ ಅಗತ್ಯ ಯಾರಿಗೆ ಎಲ್ಲರಿಗಿಂತ ಹೆಚ್ಚೋ ಅವರ ಮನೆಯೊಳಕ್ಕೆ ಅದು ಪ್ರವೇಶಿಸಬಾರದೆಂಬುದು ಯಾರೂ ಉದ್ದೇಶಪೂರ್ವಕವಾಗಿ ಮಾಡಿದ ಕ್ರೌರ್ಯವಲ್ಲವಾದರೂ, ಪರಿಣಾಮದಲ್ಲಿ ಕ್ರೌರ್ಯಕ್ಕೂ ಇದಕ್ಕೂ ಹೆಚ್ಚಿನ ಅಂತರವಿರಲಿಲ್ಲ.

‘ಮನೆಗೇ ಸೀಮಿತನಾದವನು’ ಯಾರು ಎಂಬುದನ್ನು ಆ ದೇಶದ ನಿಯಮಾವಳಿ ಬಹು ಶ್ರದ್ಧೆಯಿಂದ ವಿವರಿಸುತ್ತದೆ. ಊರುಗೋಲಿನ ಅಥವಾ ಗಾಲಿಕುರ್ಚಿಯ ಆಸರೆಯಿಲ್ಲದೆ, ಇಲ್ಲವೇ ಇನ್ನೊಬ್ಬರ ಸಹಾಯವಿಲ್ಲದೆ ಹೊರಗೆ ಹೋಗಲಾರದವನಾಗಿರಬೇಕು, ಅಥವಾ ಹೊರಗೆ ಹೋಗುವುದೇ ದೇಹಸ್ಥಿತಿಗೆ ಅಪಾಯಕರವಾಗಿರಬೇಕು. ಅದರ ಜೊತೆಗೆ, ಹೊರಡುವುದೆಂದರೆ ಬಳಲಿಕೆ ತರುವ ಮಹಾಪ್ರಯತ್ನವಾಗಿರಬೇಕು. ಹಾಗೆಂದು ಅವನು ಸೆರೆಯಾಳೇನೂ ಅಲ್ಲ: ದೇವಾಲಯಕ್ಕೆ ಹೋಗಬಹುದು, ಬಂಧುವಿನ ಶವಸಂಸ್ಕಾರಕ್ಕೆ ಹೋಗಬಹುದು, ಮೊಮ್ಮಗಳ ಪದವಿದಾನವನ್ನು ನೋಡಿ ಬರಬಹುದು, ಅಪರೂಪಕ್ಕೊಮ್ಮೆ ಕ್ಷೌರಿಕನ ಅಂಗಡಿಗೂ ಹೋಗಿಬರಬಹುದು. ಕ್ಷೌರಿಕನನ್ನು ಹೆಸರಿಸಿ ಸ್ಮರಿಸುವಷ್ಟು ಲೋಕಾನುಭವವುಳ್ಳ ನಿಯಮಾವಳಿಗೆ, ಅದೇ ರೋಗಿಯು ಅಡುಗೆಮನೆಯ ಮೇಜಿನ ಬಳಿ ಕುಳಿತು ದೂರದ ದಾದಿಗೆ ತನ್ನ ಊದಿದ ಪಾದವನ್ನು ತೋರಿಸಿದರೆ ಅದನ್ನು ಏನೆಂದು ಕರೆಯಬೇಕೆಂಬುದು ಮಾತ್ರ ಇಂದಿಗೂ ಸರಿಯಾಗಿ ತಿಳಿದಂತಿಲ್ಲ.

ಈ ವಿಮೆ ಹುಟ್ಟಿದ್ದು 1965ರಲ್ಲಿ. ಜುಲೈ 30ರಂದು ಮಿಸ್ಸೂರಿ ಸಂಸ್ಥಾನದ ಇಂಡಿಪೆಂಡೆನ್ಸ್ ಎಂಬ ಊರಿನಲ್ಲಿ, ವೃದ್ಧರಾಗಿದ್ದ ಮಾಜಿ ಅಧ್ಯಕ್ಷ ಟ್ರೂಮನ್ನರ ಸಮ್ಮುಖದಲ್ಲಿ, ಅಧ್ಯಕ್ಷ ಲಿಂಡನ್ ಜಾನ್ಸನ್ನರು ಶಾಸನಕ್ಕೆ ಅಂಕಿತ ಹಾಕಿದರು. ಗೃಹಶುಶ್ರೂಷೆಯು ಅಂದೇ ಅದರ ಒಂದು ಅಂಗವಾಗಿತ್ತು. ದೂರವೈದ್ಯಕ್ಕೆ ಪಾವತಿ ಬಂದದ್ದು ಮೂರು ದಶಕಗಳಾದ ಮೇಲೆ, 1997ರ ಆಯವ್ಯಯ ಶಾಸನದ ಮೂಲಕ. 1999ರ ಜನವರಿಯಿಂದ, ವೈದ್ಯರ ಕೊರತೆಯಿದ್ದ ಗ್ರಾಮಾಂತರ ಭಾಗಗಳಿಗೆ ಮಾತ್ರ. ಆ ಮೊದಲ ವ್ಯವಸ್ಥೆಯ ಒಂದು ವೈಚಿತ್ರ್ಯವೆಂದರೆ, ಒಂದೇ ಶುಲ್ಕವನ್ನು ಇಬ್ಬರು ವೈದ್ಯರು ಹಂಚಿಕೊಳ್ಳಬೇಕಾಗಿತ್ತು: ಪರದೆಯ ಆಚೆಗಿನ ತಜ್ಞನಿಗೆ ನೂರಕ್ಕೆ 75, ರೋಗಿಯನ್ನು ಕಳುಹಿಸಿದವನಿಗೆ 25. ಇದು ಯಾರಿಗೂ ಒಗ್ಗಲಿಲ್ಲ. 2000ದ ಡಿಸೆಂಬರಿನಲ್ಲಿ ಬಂದ ತಿದ್ದುಪಡಿಯು ಹಂಚಿಕೆಯನ್ನು ತೆಗೆದುಹಾಕಿ, ತಜ್ಞನಿಗೆ ಪೂರ್ಣ ಶುಲ್ಕವನ್ನೂ, ರೋಗಿಯು ಬಂದು ಕೂರುವ ಸ್ಥಳಕ್ಕೆ 20 ಡಾಲರುಗಳನ್ನೂ ಗೊತ್ತುಮಾಡಿತು. ಆ ಸ್ಥಳಗಳು ಯಾವುವೆಂದು ಒಂದು ಪಟ್ಟಿ ಕೊಟ್ಟಿತು. ಪಟ್ಟಿಯಲ್ಲಿ ಆಸ್ಪತ್ರೆ ಇತ್ತು, ವೈದ್ಯನ ಕಚೇರಿ ಇತ್ತು, ಗ್ರಾಮೀಣ ಚಿಕಿತ್ಸಾಲಯ ಇತ್ತು, ಮನೆ ಇರಲಿಲ್ಲ.

ಅದೇ ಶಾಸನದ ಇನ್ನೊಂದು ಮೂಲೆಯಲ್ಲಿ, ಗೃಹಶುಶ್ರೂಷೆಯನ್ನು ಕುರಿತ ಒಂದು ಸಣ್ಣ ಪ್ರಕರಣ ಸೇರಿತು. ಶುಶ್ರೂಷಾ ಸಂಸ್ಥೆಗಳು ದೂರಸಂಪರ್ಕದ ಉಪಕರಣಗಳನ್ನು ಬಳಸಲು ಅಡ್ಡಿಯಿಲ್ಲ. ಆದರೆ ವೈದ್ಯನು ವಿಧಿಸಿದ ಮನೆಭೇಟಿಗೆ ಬದಲಾಗಿ ಅವನ್ನು ಬಳಸತಕ್ಕದ್ದಲ್ಲ, ಅರ್ಹತೆಯ ಅಥವಾ ಪಾವತಿಯ ದೃಷ್ಟಿಯಿಂದ ಅವು ‘ಭೇಟಿ’ ಎನ್ನಿಸತಕ್ಕದ್ದಲ್ಲ ಎಂಬುದು ಅದರ ಸಾರ. ಕಾಲು ಶತಮಾನ ಕಳೆದಿದೆ. ಆ ಪ್ರಕರಣದ ಹುರುಳು ಈಗಲೂ ಹಾಗೆಯೇ ನಿಂತಿದೆ.

ಶಾಸನಕರ್ತರು ಇಷ್ಟು ಶಂಕಾಳುಗಳಾಗಲು ಕಾರಣವಿಲ್ಲದೆ ಇರಲಿಲ್ಲ. 1990ರಲ್ಲಿ ಸುಮಾರು 400 ಕೋಟಿ ಡಾಲರುಗಳಷ್ಟಿದ್ದ ಗೃಹಶುಶ್ರೂಷೆಯ ವೆಚ್ಚ 1997ರ ಹೊತ್ತಿಗೆ 1700 ಕೋಟಿಯನ್ನು ಮೀರಿತ್ತು. ಆಗ ಸಂಸ್ಥೆಗಳಿಗೆ ಹಣ ಸಲ್ಲುತ್ತಿದ್ದುದು ತಗಲಿದ ವೆಚ್ಚಕ್ಕೆ ತಕ್ಕಂತೆ, ಒಂದೊಂದು ಭೇಟಿಯ ಲೆಕ್ಕದಲ್ಲಿ. ಮದುವೆಮನೆಯಲ್ಲಿ ಅಡುಗೆಯವರಿಗೆ ಎಲೆಯ ಲೆಕ್ಕದಲ್ಲಿ ಹಣ ಕೊಡುವುದಾದರೆ ಎಲೆಗಳು ತಾವಾಗಿಯೇ ಹೆಚ್ಚುವುದನ್ನೂ, ಒಟ್ಟು ಗುತ್ತಿಗೆಗೆ ಕೊಟ್ಟರೆ ಪಾಯಸ ತಾನಾಗಿಯೇ ತೆಳ್ಳಗಾಗುವುದನ್ನೂ ನಮ್ಮ ಹಿರಿಯರೆಲ್ಲ ಬಲ್ಲರು. ಅಮೆರಿಕೆಯ ಸರ್ಕಾರ ಈ ಎರಡು ಸತ್ಯಗಳನ್ನೂ ಒಂದಾದಮೇಲೊಂದರಂತೆ ಕಲಿಯಿತು. ಮೊದಲು ಎಲೆಯ ಲೆಕ್ಕಕ್ಕೆ ಬಿಗಿಯಾದ ಮಿತಿ ಹಾಕಿದಾಗ ಮೂರು ವರ್ಷಗಳೊಳಗೆ ವೆಚ್ಚ ಅರ್ಧಕ್ಕೆ ಇಳಿಯಿತು, ಸಾವಿರಾರು ಶುಶ್ರೂಷಾ ಸಂಸ್ಥೆಗಳು ಬಾಗಿಲು ಹಾಕಿದವು. ಅನಂತರ, 2000ದ ಅಕ್ಟೋಬರಿನಿಂದ, ಅರವತ್ತು ದಿನಗಳ ಆರೈಕೆಗೆ ಇಂತಿಷ್ಟೆಂದು ಒಟ್ಟು ಮೊತ್ತ ಕೊಡುವ ಪದ್ಧತಿ ಬಂದಿತು; 2020ರಲ್ಲಿ ಆ ಅವಧಿ ಮೂವತ್ತು ದಿನಗಳಿಗೆ ಇಳಿಯಿತು.

ಒಟ್ಟು ಗುತ್ತಿಗೆ ಎಂದಾದಮೇಲೆ ದಾದಿ ಬಾಗಿಲು ತಟ್ಟಿ ಬಂದಳೇ, ಪರದೆಯ ಮೇಲೆ ಕಾಣಿಸಿಕೊಂಡಳೇ ಎಂಬುದು ಸಂಸ್ಥೆಯ ವಿವೇಚನೆಗೆ ಬಿಟ್ಟ ವಿಷಯವಾಗಬೇಕಲ್ಲವೆ ಎಂದು ಓದುಗರಿಗೆ ತೋರಬಹುದು. ತರ್ಕಕ್ಕೆ ಅದು ಸರಿಯೇ. ಆದರೆ ಪಾಯಸ ತೆಳ್ಳಗಾದೀತೆಂಬ ಭಯದಿಂದ ಸರ್ಕಾರ ಗುತ್ತಿಗೆಯೊಳಗೆ ಎಲೆಯ ಲೆಕ್ಕವನ್ನೂ ಗುಟ್ಟಾಗಿ ಉಳಿಸಿಕೊಂಡಿತು. ಪ್ರತಿಯೊಂದು ಬಗೆಯ ರೋಗಿಗೂ ಕನಿಷ್ಠ ಭೇಟಿಗಳ ಒಂದು ಸಂಖ್ಯೆ ಉಂಟು: ಮೂವತ್ತು ದಿನಗಳಲ್ಲಿ ಎರಡರಿಂದ ಆರರವರೆಗೆ, ರೋಗದ ಸ್ವರೂಪಕ್ಕೆ ತಕ್ಕಂತೆ. ಅದನ್ನು ಮುಟ್ಟಿದರೆ ಪೂರ್ಣ ಮೊತ್ತ. ಒಂದು ಕಡಮೆಯಾದರೂ ಗುತ್ತಿಗೆ ರದ್ದಾಗಿ, ನಡೆದಷ್ಟು ಭೇಟಿಗಳಿಗೆ ಮಾತ್ರ ಬಿಡಿ ದರ. ಈಚಿನ ವರ್ಷಗಳಲ್ಲಿ ಮೂಲ ಮೊತ್ತ ಸುಮಾರು 2000 ಡಾಲರು, ದಾದಿಯ ಬಿಡಿ ಭೇಟಿಯ ದರ ಸುಮಾರು 170. ಒಬ್ಬ ಹೃದ್ರೋಗಿಗೆ ಕನಿಷ್ಠ ಸಂಖ್ಯೆ ನಾಲ್ಕು ಎಂದಿಟ್ಟುಕೊಳ್ಳಿ. ದಾದಿ ನಾಲ್ಕು ಬಾರಿ ಕಾರಿನಲ್ಲಿ ಹೋಗಿಬಂದರೆ ಸಂಸ್ಥೆಗೆ ದೊರೆಯುವುದು 2000. ಆಕೆ ಮೂರು ಬಾರಿ ಹೋಗಿ, ಉಳಿದ ದಿನಗಳಲ್ಲಿ ಹತ್ತು ಬಾರಿ ಪರದೆಯ ಮೇಲೆ ಮಾತನಾಡಿಸಿ, ಪ್ರತಿದಿನ ಬೆಳಿಗ್ಗೆ ತೂಕವನ್ನೂ ರಕ್ತದೊತ್ತಡವನ್ನೂ ದೂರದಿಂದಲೇ ಗಮನಿಸಿ, ರೋಗಿ ಆಸ್ಪತ್ರೆಗೆ ಸೇರಬೇಕಾದ ಪ್ರಸಂಗವನ್ನೇ ತಪ್ಪಿಸಿದಳೆನ್ನಿ, ದೊರೆಯುವುದು 510. ಇಂಥ ಲೆಕ್ಕದೆದುರು ಯಾವ ಸಂಸ್ಥೆಯ ಮೇಲ್ವಿಚಾರಕನು ದೂರವೈದ್ಯದ ಮೇಲೆ ಉತ್ಸಾಹ ತೋರಿಯಾನು? ದೂರವೈದ್ಯವನ್ನು ಯಾರೂ ನಿಷೇಧಿಸಿಲ್ಲ. ಅದನ್ನು ಮಾಡಿದವನಿಗೆ ನಷ್ಟವಾಗುವಂತೆ ಏರ್ಪಡಿಸಿದ್ದಾರೆ, ಅಷ್ಟೆ.

ಹೃದ್ರೋಗದ ಉದಾಹರಣೆಯನ್ನು ಸುಮ್ಮನೆ ಎತ್ತಿಕೊಂಡದ್ದಲ್ಲ. ಹೃದಯ ದುರ್ಬಲವಾದವನ ದೇಹದಲ್ಲಿ ನೀರು ನಿಲ್ಲತೊಡಗುವುದು ಉಸಿರು ಕಟ್ಟುವುದಕ್ಕೆ ಎಷ್ಟೋ ದಿನ ಮೊದಲೇ. ಒಂದೆರಡು ದಿನಗಳಲ್ಲಿ ಒಂದೆರಡು ಕಿಲೋ ತೂಕ ಏರಿತೆಂದರೆ ಅದೇ ಮುನ್ಸೂಚನೆ. ಆ ಹೊತ್ತಿಗೆ ಮೂತ್ರಕಾರಕ ಮಾತ್ರೆಯನ್ನು ಹೆಚ್ಚಿಸಿದರೆ ಸಾಕಾದೀತು. ತಡವಾದರೆ ತುರ್ತು ವಾಹನ, ಆಮ್ಲಜನಕ, ಆಸ್ಪತ್ರೆಯ ಹಾಸಿಗೆ. ವಾರಕ್ಕೊಮ್ಮೆ ಬರುವ ದಾದಿ ಸೋಮವಾರದ ತೂಕವನ್ನು ಕಾಣುವಳು. ನೀರು ತುಂಬುವುದು ಬುಧವಾರ. ಮನೆಯ ತಕ್ಕಡಿಯೇ ತಾನು ಕಂಡದ್ದನ್ನು ದೂರವಾಣಿಯ ತಂತಿಯ ಮೂಲಕ ತಿಳಿಸುವಂತಾದರೆ ಈ ಮಧ್ಯದ ದಿನಗಳಿಗೆ ಕಣ್ಣು ಬಂದಂತಾಗುವುದು. ಹಾಗೆಂದು ಭೇಟಿಯನ್ನು ಹೀಗಳೆಯಲಾಗದು. ಹುಣ್ಣಿಗೆ ಪಟ್ಟಿ ಕಟ್ಟುವುದು ಪರದೆಯಿಂದ ಆಗದು. ಔಷಧದ ಡಬ್ಬಿಗಳಲ್ಲಿ ಯಾವುದು ಖಾಲಿಯಾಗಿದೆ, ಸ್ನಾನದ ಮನೆಯ ನೆಲ ಎಷ್ಟು ಜಾರುತ್ತದೆ, ನೋಡಿಕೊಳ್ಳುವ ಮಗಳು ಎಷ್ಟು ದಣಿದಿದ್ದಾಳೆ ಎಂಬುದನ್ನು ಒಳಗೆ ಕಾಲಿಟ್ಟವರು ಮಾತ್ರ ಬಲ್ಲರು. ಭೇಟಿಗೆ ಬದಲಾಗಿ ಬಳಸಬಾರದೆಂಬ ಶಾಸನದ ಮಾತಿನಲ್ಲಿ ಅಷ್ಟರಮಟ್ಟಿಗೆ ವಿವೇಕವಿದೆ. ಭೇಟಿಯ ಜೊತೆಗೆ ಬಂದುದಕ್ಕೂ ಬೆಲೆ ಕಟ್ಟಲಾರೆನೆಂಬಲ್ಲಿ ಆ ವಿವೇಕ ಮುಗಿಯಿತು.

ಇನ್ನು ಉಳಿತಾಯದ ಪ್ರಶ್ನೆ. ಈ ವಿಷಯದಲ್ಲಿ ಯಂತ್ರದ ಮಾರಾಟಗಾರರು ಹೇಳುವುದನ್ನು ನಂಬುವ ಮೊದಲು ಪ್ರಯೋಗಗಳನ್ನು ನೋಡುವುದು ಲೇಸು. ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊ ನಗರದಲ್ಲಿ ಕೈಸರ್ ಪರ್ಮನೆಂಟೆ ಎಂಬ ವೈದ್ಯಸಂಸ್ಥೆ 1996–97ರಲ್ಲಿ ನೂರಕ್ಕೆ ತುಸು ಹೆಚ್ಚು ರೋಗಿಗಳಿಗೆ ಮನೆಭೇಟಿಯ ಜೊತೆಗೆ ದೃಶ್ಯದೂರವಾಣಿಯನ್ನೂ ಕೊಟ್ಟು, ಅಷ್ಟೇ ಮಂದಿ ಇತರ ರೋಗಿಗಳೊಡನೆ ಹೋಲಿಸಿತು. ಗೃಹಶುಶ್ರೂಷೆಯ ಸರಾಸರಿ ವೆಚ್ಚ ದೂರವಾಣಿಯಿದ್ದವರಲ್ಲಿ 1830 ಡಾಲರು, ಇಲ್ಲದವರಲ್ಲಿ 1167. ಆಸ್ಪತ್ರೆಯೇ ಮೊದಲಾದ ಉಳಿದ ವೆಚ್ಚ ಮೊದಲನೆಯವರಲ್ಲಿ 1948, ಎರಡನೆಯವರಲ್ಲಿ 2674. ಎರಡನ್ನೂ ಕೂಡಿ ನೋಡಿದರೆ ವ್ಯತ್ಯಾಸ ಅರವತ್ತು ಚಿಲ್ಲರೆ ಡಾಲರು! ಮನೆಯಲ್ಲಿ ಹೆಚ್ಚಿದ ಖರ್ಚು ಆಸ್ಪತ್ರೆಯಲ್ಲಿ ಇಳಿಯಿತು; ಒಂದು ಜೇಬಿನಿಂದ ತೆಗೆದದ್ದು ಇನ್ನೊಂದು ಜೇಬಿಗೆ ಬಂದಿತು. ಕೈಸರ್ ಸಂಸ್ಥೆಯಲ್ಲಿ ವಿಮೆಯೂ ಆಸ್ಪತ್ರೆಯೂ ಒಂದೇ ಮನೆತನದವಾದ್ದರಿಂದ ಎರಡೂ ಜೇಬುಗಳು ಒಂದೇ ಅಂಗಿಯವು. ಮೆಡಿಕೇರ್ ವ್ಯವಸ್ಥೆಯಲ್ಲಾದರೋ ಯಂತ್ರವನ್ನು ಕೊಳ್ಳಬೇಕಾದದ್ದು ಶುಶ್ರೂಷಾ ಸಂಸ್ಥೆ, ಉಳಿತಾಯವಾಗುವುದು ಸರ್ಕಾರದ ಆಸ್ಪತ್ರೆ ಲೆಕ್ಕದಲ್ಲಿ.

ಎರಡೂ ಜೇಬು ಒಬ್ಬನವೇ ಆಗಿರುವ ಕಡೆ ಈ ವಿದ್ಯೆ ಹೇಗೆ ಬೆಳೆಯುತ್ತದೆಂಬುದಕ್ಕೆ ಅದೇ ದೇಶದ ನಿವೃತ್ತ ಯೋಧರ ಇಲಾಖೆ ಸಾಕ್ಷಿ. ಅಲ್ಲಿ 2003ರಲ್ಲಿ ಸುಮಾರು 2000 ಮಂದಿಯಿಂದ ಮೊದಲಾದ ಮನೆಯ ದೂರಶುಶ್ರೂಷೆ 2007ರ ಕೊನೆಗೆ 31,570 ಮಂದಿಗೆ ಹಬ್ಬಿತ್ತು. ಅವರಲ್ಲಿ 17,025 ಮಂದಿಯ ದಾಖಲೆಗಳನ್ನು ಪರಿಶೀಲಿಸಿದ ಆಡಮ್ ಡಾರ್ಕಿನ್ಸ್ ಮತ್ತು ಸಂಗಡಿಗರು, ಆಸ್ಪತ್ರೆಯಲ್ಲಿ ಕಳೆದ ದಿನಗಳು ನೂರಕ್ಕೆ 25ರಷ್ಟೂ ಆಸ್ಪತ್ರೆ ಸೇರಿದ ಪ್ರಸಂಗಗಳು 19ರಷ್ಟೂ ಇಳಿದವೆಂದು 2008ರಲ್ಲಿ ವರದಿ ಮಾಡಿದರು. ವರ್ಷಕ್ಕೆ ಒಬ್ಬರಿಗೆ ತಗಲಿದ ಖರ್ಚು 1600 ಡಾಲರು. ಪ್ರತ್ಯೇಕ ಹೋಲಿಕೆಯ ಗುಂಪನ್ನಿಟ್ಟುಕೊಂಡು ಮಾಡಿದ ಪರೀಕ್ಷೆ ಇದಲ್ಲವೆಂಬುದನ್ನು ನೆನಪಿಟ್ಟುಕೊಂಡೇ ಈ ಅಂಕಿಗಳನ್ನು ಓದಬೇಕು. ಅತ್ತ ಮೆಡಿಕೇರ್ ತಾನೇ ಹಣ ಸುರಿದು ನ್ಯೂಯಾರ್ಕಿನಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಮೂಲಕ 1665 ಮಂದಿ ಮಧುಮೇಹಿಗಳ ಮೇಲೆ ನಡೆಸಿದ ಪ್ರಯೋಗದಲ್ಲಿ ರಕ್ತದ ಸಕ್ಕರೆ ಇಳಿಯಿತು, ವೆಚ್ಚ ಮಾತ್ರ ಇಳಿಯಲಿಲ್ಲ. ಒಬ್ಬೊಬ್ಬರಿಗೆ ವರ್ಷಕ್ಕೆ 8000 ಡಾಲರಿಗೂ ಮಿಕ್ಕಿ ಆ ಏರ್ಪಾಡಿಗೇ ತಗಲಿತ್ತು. 2010ರಲ್ಲಿ ಪ್ರಕಟವಾದ ಇನ್ನೊಂದು ದೊಡ್ಡ ಪರೀಕ್ಷೆಯಲ್ಲಿ 1653 ಮಂದಿ ಹೃದ್ರೋಗಿಗಳಲ್ಲಿ ಅರ್ಧದಷ್ಟು ಜನ ದಿನವೂ ಒಂದು ಯಂತ್ರಧ್ವನಿಗೆ ಕರೆಮಾಡಿ ತಮ್ಮ ತೂಕವನ್ನು ತಾವೇ ಒಪ್ಪಿಸಬೇಕಾಗಿತ್ತು. ನೂರಕ್ಕೆ ಹದಿನಾಲ್ಕು ಮಂದಿ ಒಮ್ಮೆಯೂ ಕರೆಮಾಡಲಿಲ್ಲ; ಆರು ತಿಂಗಳ ಕೊನೆಗೆ ವಾರಕ್ಕೆ ಮೂರು ಸಲವಾದರೂ ಮಾಡುತ್ತಿದ್ದವರು ಅರ್ಧಕ್ಕಿಂತ ತುಸು ಹೆಚ್ಚು. ಮರಣದಲ್ಲಾಗಲಿ ಮರಳಿ ಆಸ್ಪತ್ರೆ ಸೇರುವುದರಲ್ಲಾಗಲಿ ಯಾವ ಭೇದವೂ ಕಾಣಲಿಲ್ಲ. ಉಸಿರಾಡಲು ಕಷ್ಟಪಡುವ ಮುದುಕನು ಯಂತ್ರದೊಡನೆ ಪ್ರತಿದಿನ ಸಂಭಾಷಿಸುವನೆಂದು ನಂಬಿದವರು ಮುದುಕರ ಜೊತೆ ಬಾಳಿ ಅರಿಯದವರಿರಬೇಕು.

ಮಹಾಮಾರಿ ಬಂದಾಗ ಬಾಗಿಲುಗಳು ಒಮ್ಮೆಗೇ ತೆರೆದುವು. ರೋಗಿಯ ಮನೆಯೇ ದೂರವೈದ್ಯದ ಸ್ಥಳವಾಗಬಹುದೆಂದಾಯಿತು. ಗ್ರಾಮಾಂತರವೆಂಬ ಕಟ್ಟಳೆ ಹೋಯಿತು. ಗೃಹಶುಶ್ರೂಷೆ ಆರಂಭವಾಗುವ ಮೊದಲಿನ 90 ದಿನಗಳಲ್ಲಿ ಅಥವಾ ಅನಂತರದ 30 ದಿನಗಳಲ್ಲಿ ವೈದ್ಯನು ರೋಗಿಯನ್ನು ಮುಖತಃ ನೋಡಬೇಕೆಂಬ ವಿಧಿಯನ್ನು ರೋಗಿಯ ಮನೆಯಿಂದಲೇ ಪರದೆಯ ಮೂಲಕ ಪೂರೈಸಬಹುದೆಂದಾಯಿತು. ವೈದ್ಯರಿಗೆ ಪೂರ್ಣ ಶುಲ್ಕ ದೊರೆಯಿತು. ಶುಶ್ರೂಷಾ ಸಂಸ್ಥೆಗಳಿಗೆ ದೊರೆತದ್ದು ಅನುಮತಿ: ಆರೈಕೆಯ ಯೋಜನೆಯಲ್ಲಿ ಬರೆದಿದ್ದರೆ ದೂರಸಂಪರ್ಕವನ್ನು ಬಳಸಿರಿ, ಅದರ ಖರ್ಚನ್ನು ಆಡಳಿತವೆಚ್ಚದ ಪಟ್ಟಿಯಲ್ಲಿ ತೋರಿಸಿರಿ, ಭೇಟಿಯೆಂದು ಎಣಿಸಬೇಡಿರಿ. ವೈದ್ಯನ ಕಚೇರಿಯೊಂದು ರೋಗಿಯ ರಕ್ತದೊತ್ತಡವನ್ನು ದೂರದಿಂದ ಗಮನಿಸುವುದಕ್ಕೆ 2019ರಿಂದ ಪ್ರತ್ಯೇಕ ದರಗಳಿವೆ, ಉಪಕರಣಕ್ಕೆ ಒಂದು, ಗಮನಿಸಿದ ಹೊತ್ತಿಗೆ ಇನ್ನೊಂದು. ಅದೇ ರೋಗಿಯ ಅದೇ ರಕ್ತದೊತ್ತಡವನ್ನು ಮನೆಗೆ ಬಂದುಹೋಗುವ ದಾದಿಯ ಸಂಸ್ಥೆ ಗಮನಿಸಿದರೆ ಅದಕ್ಕೆ ಕಾಸಿಲ್ಲ.

ವೈದ್ಯರ ಪಾಲಿನ ಆ ಉದಾರನೀತಿಯಿಂದಲೂ ಹಿತಮಾತ್ರ ಆಯಿತೆನ್ನುವಂತಿಲ್ಲ. ದೂರನಿರೀಕ್ಷಣೆಯ ಬಳಕೆ 2019ರಿಂದ 2022ರೊಳಗೆ ಹತ್ತು ಮಡಿಗೂ ಮೀರಿ ಬೆಳೆಯಿತು. ಆ ದೇಶದ ಆರೋಗ್ಯ ಇಲಾಖೆಯ ಮಹಾಪರಿವೀಕ್ಷಕರ ಕಚೇರಿ 2024ರಲ್ಲಿ ತನಿಖೆ ಮಾಡಿದಾಗ, ಉಪಕರಣವನ್ನು ಹೊಂದಿಸಿ ಕಲಿಸುವುದು, ಮಾಹಿತಿಯನ್ನು ಸಂಗ್ರಹಿಸುವುದು, ಅದನ್ನು ನೋಡಿ ಚಿಕಿತ್ಸೆಯನ್ನು ತಿದ್ದುವುದು ಎಂಬ ಮೂರು ಅಂಗಗಳಲ್ಲಿ ಒಂದಾದರೂ ತಪ್ಪಿಹೋದವರು ನೂರಕ್ಕೆ 43 ಮಂದಿಯೆಂದು ಕಂಡುಬಂದಿತು. ತಕ್ಕಡಿ ಬಂದಿತು, ಅಂಕಿಯೂ ಬಂದಿತು. ಅಂಕಿಯನ್ನು ಓದುವವರು ಬಂದರೆಂಬ ಭರವಸೆಯಿಲ್ಲ. ಅದಕ್ಕೂ ಮೊದಲು, 2019ರ ಏಪ್ರಿಲಿನಲ್ಲಿ, ದೂರವಾಣಿಯಲ್ಲಿ ವೃದ್ಧರನ್ನು ಮರುಳುಗೊಳಿಸಿ ಬೇಡದ ಸೊಂಟಪಟ್ಟಿ ಮೊಣಕಾಲುಪಟ್ಟಿಗಳನ್ನು ಬರೆಸಿಕೊಟ್ಟು ಮೆಡಿಕೇರಿಗೆ 120 ಕೋಟಿ ಡಾಲರುಗಳಷ್ಟು ನಷ್ಟವುಂಟುಮಾಡಿದರೆಂಬ ಆರೋಪದ ಮೇಲೆ 24 ಮಂದಿಯ ಮೇಲೆ ಮೊಕದ್ದಮೆ ಹೂಡಲಾಗಿತ್ತು. ಹಣದ ಪೆಟ್ಟಿಗೆಯ ಬೀಗವನ್ನು ಹಿಡಿದವನು ಗೊಣಗಿದರೆ ಅವನನ್ನು ಪೂರ್ತಿಯಾಗಿ ದೂಷಿಸಲು ಮನಸ್ಸು ಬಾರದು.

ತೆರೆದ ಬಾಗಿಲುಗಳು ಭದ್ರವಾಗಿಯೂ ಇಲ್ಲ. ಮಹಾಮಾರಿಯ ಕಾಲದ ರಿಯಾಯಿತಿಗಳಲ್ಲಿ ಬಹುಪಾಲು ತಾತ್ಕಾಲಿಕವಾಗಿ, ಆಗಾಗ ಮುಂದೂಡಲ್ಪಡುತ್ತ ಬಂದವು. 2025ರ ಅಕ್ಟೋಬರ್ 1ರಂದು ಆಯವ್ಯಯದ ಜಗಳದಲ್ಲಿ ಸರ್ಕಾರದ ಕಚೇರಿಗಳು ಮುಚ್ಚಿದಾಗ ಅವೂ ಸತ್ತುಹೋದವು. ನವೆಂಬರಿನಲ್ಲಿ ಕಚೇರಿ ತೆರೆದಾಗ ಮತ್ತೆ ಬದುಕಿದವು. ನಡುವಣ ವಾರಗಳಲ್ಲಿ ಮನೆಯಲ್ಲಿದ್ದ ರೋಗಿಯನ್ನು ಪರದೆಯ ಮೇಲೆ ನೋಡಿದ ವೈದ್ಯನಿಗೆ ಹಣ ಬರುವುದೇ ಬಾರದೇ ಎಂಬುದು ರಾಜಧಾನಿಯ ವಾಗ್ವಾದವನ್ನು ಅವಲಂಬಿಸಿತ್ತು.

ಮಕ್ಕಳೊಡನೆ ಇರಲೆಂದು ಅಲ್ಲಿಗೆ ಹೋಗಿ ನೆಲಸಿರುವ ಕನ್ನಡ ತಾಯಿತಂದೆಗಳಿಗೂ ಈ ವಿಮೆ ಸಂಬಂಧಪಡದ ವಿಷಯವಲ್ಲ: ಖಾಯಂ ವಾಸದ ಹಕ್ಕುಪತ್ರವಿದ್ದು, ಐದು ವರ್ಷ ಎಡೆಬಿಡದೆ ಅಲ್ಲಿ ವಾಸಿಸಿದ ಅರವತ್ತೈದು ದಾಟಿದವರು ಕಂತಿನ ಹಣ ಕಟ್ಟಿ ಅದನ್ನು ಕೊಳ್ಳಬಹುದು. ನಮ್ಮ ನಾಡಿನಲ್ಲಿ ಪ್ರಶ್ನೆ ಬೇರೆ ರೂಪದಲ್ಲಿದೆ. ಚಾಮರಾಜನಗರದ ಜಿಲ್ಲಾಸ್ಪತ್ರೆಯನ್ನು ಬೆಂಗಳೂರಿನ ನಾರಾಯಣ ಹೃದಯಾಲಯಕ್ಕೆ ಇಸ್ರೋ ಉಪಗ್ರಹದ ಮೂಲಕ ಬೆಸೆದು ಎರಡು ದಶಕಗಳೇ ಸಂದಿವೆ. ಇಂದು ಇ-ಸಂಜೀವನಿಯ ಮೂಲಕ ಮನೆಯಿಂದಲೇ ಸರ್ಕಾರಿ ವೈದ್ಯರನ್ನು ಬಿಟ್ಟಿಯಾಗಿ ಕಾಣಬಹುದು, ಅಲ್ಲಿ ಯಾರೂ ಯಾರಿಗೂ ಬಿಲ್ಲು ಕಳುಹಿಸಬೇಕಾಗಿಲ್ಲ. ಆದರೆ ಸಾರ್ವಜನಿಕ ವಿಮೆಯಾದ ಆಯುಷ್ಮಾನ್ ಯೋಜನೆ ಹಣ ಕೊಡುವುದು ಆಸ್ಪತ್ರೆಯಲ್ಲಿ ದಾಖಲಾದವರಿಗೆ. ಬಿಡುಗಡೆಯಾದ ಮೇಲಿನ ಹದಿನೈದು ದಿನಗಳ ವೆಚ್ಚವೂ ಅದರಲ್ಲೇ ಅಡಕ. ಹದಿನಾರನೆಯ ದಿನ ಮನೆಯಲ್ಲಿ ಮಲಗಿರುವವನನ್ನು ದೂರದಿಂದ ವಿಚಾರಿಸುವ ದಾದಿಗೆ ಅದರ ದರಪಟ್ಟಿಯಲ್ಲಿ ಸ್ಥಾನವಿಲ್ಲ. ಅಮೆರಿಕೆಯ ವಿಮೆ ಭೇಟಿಯನ್ನು ಎಣಿಸುತ್ತದೆ, ನಮ್ಮದು ಹಾಸಿಗೆಯನ್ನು.

ಈ ಎರಡಕ್ಕಿಂತಲೂ ಭಿನ್ನವಾದ ಹಾದಿಯನ್ನು ಹಿಡಿದದ್ದು ಜರ್ಮನಿ. ಬರ್ಲಿನ್ನಿನ ಶಾರಿಟೆ ಆಸ್ಪತ್ರೆಯ ಫ್ರೀಡ್ರಿಷ್ ಕೋಲರ್ ಮತ್ತು ಸಂಗಡಿಗರು 1571 ಮಂದಿ ಹೃದ್ರೋಗಿಗಳನ್ನು ಆರಿಸಿ, ಅರ್ಧದಷ್ಟು ಜನರ ಮನೆಗೆ ತಕ್ಕಡಿ, ರಕ್ತದೊತ್ತಡದ ಯಂತ್ರ, ಹೃದಯಲಿಖಿತದ ಉಪಕರಣಗಳನ್ನು ಕೊಟ್ಟು, ಹಗಲಿರುಳೂ ವೈದ್ಯರೂ ದಾದಿಯರೂ ಎಚ್ಚರಿರುವ ಒಂದು ಕೇಂದ್ರದಿಂದ ಒಂದು ವರ್ಷ ಗಮನಿಸಿದರು. 2018ರಲ್ಲಿ ಪ್ರಕಟವಾದ ಫಲಿತಾಂಶದಂತೆ, ನೂರು ರೋಗಿಗಳಲ್ಲಿ ವರ್ಷಕ್ಕೆ ಸತ್ತವರು ಯಂತ್ರವಿದ್ದವರಲ್ಲಿ ಸುಮಾರು ಎಂಟು, ಇಲ್ಲದವರಲ್ಲಿ ಹನ್ನೊಂದಕ್ಕೂ ಮಿಕ್ಕಿ. ಹಿಂದೆ ಹೇಳಿದ ಯಂತ್ರಧ್ವನಿಯ ಪರೀಕ್ಷೆಗೂ ಇದಕ್ಕೂ ಇದ್ದ ಒಂದು ಅಂತರ, ಅಂಕಿಯ ಆಚೆ ಹಗಲಿರುಳೂ ಮನುಷ್ಯರು ಕುಳಿತಿದ್ದುದು. ಇದಾದ ಮೇಲೆಯೇ, 2020ರ ಡಿಸೆಂಬರಿನಲ್ಲಿ, ಅಲ್ಲಿಯ ಸಾರ್ವಜನಿಕ ವಿಮೆಯ ನಿರ್ಣಾಯಕ ಮಂಡಲಿ ತೀವ್ರ ಹೃದಯದೌರ್ಬಲ್ಯದ ದೂರನಿರೀಕ್ಷಣೆಯನ್ನು ಸ್ವತಂತ್ರವಾದ ಒಂದು ಸೇವೆಯೆಂದು ಅಂಗೀಕರಿಸಿತು. ಯಾವ ರೋಗಿಗೆ, ಯಾವ ಕೇಂದ್ರದಿಂದ, ಯಾವ ಹೊಣೆಯೊಡನೆ ಎಂಬುದನ್ನು ಮೊದಲು ಗೊತ್ತುಮಾಡಿ, ದರವನ್ನು ಆಮೇಲೆ ಕಟ್ಟಿದರು. ಭೇಟಿಗೆ ಇದು ಸಮವೇ ಅಲ್ಲವೇ ಎಂಬ ಜಿಜ್ಞಾಸೆಗೆ ಅಲ್ಲಿ ಎಡೆಯೇ ಬರಲಿಲ್ಲ. ನನಗೆ ತೋರುವಂತೆ ಅದೇ ಸರಿಯಾದ ದಾರಿ.

ಅಮೆರಿಕೆಯಲ್ಲಿ 2023ರ ಜುಲೈಯಿಂದ ಶುಶ್ರೂಷಾ ಸಂಸ್ಥೆಗಳು ತಮ್ಮ ಬಿಲ್ಲುಗಳಲ್ಲಿ ಮೂರು ಹೊಸ ಸಂಕೇತಗಳನ್ನು ಬರೆಯಬೇಕಾಗಿದೆ: ದೃಶ್ಯಸಂವಾದಕ್ಕೆ ಒಂದು, ಬರಿಯ ದೂರವಾಣಿಗೆ ಒಂದು, ಉಪಕರಣಗಳ ಮೂಲಕ ನಡೆದ ನಿರೀಕ್ಷಣೆಗೆ ಒಂದು. ಇವುಗಳಿಗೆ ಹಣವಿಲ್ಲ, ಎಷ್ಟು ನಡೆಯುತ್ತಿದೆಯೆಂದು ಸರ್ಕಾರ ಎಣಿಸಿಕೊಳ್ಳುವುದಕ್ಕಾಗಿ ಮಾತ್ರ ಇವು. ಕೂಲಿ ಸಿಗದ ಕೆಲಸವನ್ನು ಮಾಡಿ ಅದರ ಲೆಕ್ಕವನ್ನೂ ಬರೆದುಕೊಡಬೇಕೆಂದರೆ ಬರೆಯುವವರು ಎಷ್ಟು ಮಂದಿ, ಮಾಡುವವರೇ ಎಷ್ಟು ಮಂದಿ ಎಂಬ ಸಂಶಯ ಸಹಜವಾಗಿದೆ. ಹೀಗೆ ಸಂಗ್ರಹವಾದ ಅಂಕಿಗಳು ಚಿಕ್ಕವಾಗಿದ್ದರೆ, ಈ ಸೇವೆಗೆ ಬೇಡಿಕೆಯೇ ಇಲ್ಲವೆಂದು ಹೇಳಲು ನಾಳೆ ಅವನ್ನೇ ಮುಂದಿಡಬಹುದು. ದರ ಕಟ್ಟುವ ಅಧಿಕಾರವಾದರೂ ಮೆಡಿಕೇರ್ ಕಚೇರಿಗೆ ಇಲ್ಲ; 2000ದ ಆ ಪ್ರಕರಣವನ್ನು ಬರೆದದ್ದು ಅಲ್ಲಿಯ ಶಾಸನಸಭೆಯಾದ ಕಾಂಗ್ರೆಸ್ಸು, ತಿದ್ದಬೇಕಾದದ್ದೂ ಅದೇ. 2020ರಲ್ಲಿ ಸೆನೆಟರುಗಳಾದ ಸೂಸನ್ ಕಾಲಿನ್ಸ್ ಮತ್ತು ಬೆನ್ ಕಾರ್ಡಿನ್, ತುರ್ತುಸ್ಥಿತಿಯ ಕಾಲಕ್ಕಾದರೂ, ಒಟ್ಟು ಭೇಟಿಗಳಲ್ಲಿ ಅರ್ಧವನ್ನು ಮೀರದಷ್ಟು ದೂರಭೇಟಿಗಳಿಗೆ ಹಣ ಕೊಡಲು ಅವಕಾಶ ಮಾಡುವ ಮಸೂದೆಯೊಂದನ್ನು ಮಂಡಿಸಿದರು. ಅದು ಶಾಸನವಾಗಲಿಲ್ಲ, ಮರುವರ್ಷ ಮತ್ತೆ ಮಂಡಿಸಿದಾಗಲೂ ಆಗಲಿಲ್ಲ.